ಹನ್ನೊಂದು ಡಬ್ಬಿ ಹೊಲ

ನಮಗ ಹೊಲ ಇಲ್ಲ.
ಸೇಡಂ ರೋಡಿನ ಬಾಡಿಗಿ ಮನಿ, ಮ್ಯಾಲ ಮಾಳಿಗಿ,
ಮಾಳಿಗಿ ಮ್ಯಾಲ ಹನ್ನೊಂದು ಬಣ್ಣದ ಡಬ್ಬಿ.
ಯಾರ್ಯಾರದೋ ಗೋಡಿಗೆ ಗುಲಾಬಿ, ಹಸಿರು ಬಳದು ಖಾಲಿಯಾಗಿ
ಈಗ ಎರಿಮಣ್ಣು ತುಂಬ್ಕೊಂಡು ಕುಂತಾವ,
ಬುಡಕ್ಕೊಂದೊಂದು ಶಹಾಬಾದ ಪರಸಿ ತುಂಡು.

ಮೂರರಾಗ ಪುಂಡಿಪಲ್ಯ.
ಎರಡರಾಗ ಹಸಿಮೆಣಸಿನಕಾಯಿ.
ಮೆಂತಿ, ರಾಜಗಿರಿ, ಬದನಿ, ಚವಳಿ.
ಒಂದು ಕೋತಂಬರಿ, ಅದು ಪ್ರತಿ ಸಲ ಸಾಯ್ತದ,
ಪ್ರತಿ ಸಲ ಅತ್ತಿ ಅದಕ್ಕೇ ಬೈತಾಳ,
ನನಗಲ್ಲ ಅಂತ ನಾ ತಿಳ್ಕೊಂಡೀನಿ.
ಹನ್ನೊಂದನೇದು ತೊಗರಿ.
ಬ್ಯಾಳಿ ಹಸನ ಮಾಡುವಾಗ ಸಿಪ್ಪಿ ಬಿಡದ ಇಡೀ ಕಾಳೊಂದು ಸಿಕ್ಕಿತ್ತು;
ಜೂನ್ ತಿಂಗಳಾಗ ಸಂಪದಾ ಬೆರಳಿಲೆ ಒತ್ತಿ ಹುಗದ್ಳು.
ಈಗ ಅದು ಅಕಿಕಿಂತ ಗೇಣು ಎತ್ತರ.

ಎಳ್ಳಮಾಸಿ ಬಂತಂದ್ರ ಕಲಬುರಗಿ ಅರ್ಧ ಖಾಲಿ.
ಅಂಗಡಿ ಕದ ಮುಚ್ಚಿರ್ತಾವ, ಟಂಟಂ ಸಿಗಂಗಿಲ್ಲ.
ನಮಗ ಯಾರಾದ್ರೂ ಕರೀತಾರ.
ಕರದ್ರ ಹೋಗ್ತೀವಿ, ಉಣ್ತೀವಿ, ಬರ್ತೀವಿ.
ಹಿಂದಿನ ರಾತ್ರಿಯೆಲ್ಲಾ ಅತ್ತಿ ಸಜ್ಜಿ ಕಡಬು ಕಟ್ಟತಾಳ,
"ಮಂದಿ ಹೊಲಕ್ಕ ಬರಿಗೈಲೆ ಕಾಲಿಡಬಾರದವ್ವಾ."
ಮಂದಿ ಅನ್ನೋ ಮಾತಿಗೆ ಅಕಿ ಕೈ ಒಂದೀಟು ನಿಲ್ತದ,
ಮತ್ತ ಹಿಟ್ಟು ನಾದತದ.

ಈ ಸಲ ಕರದವರು ಡಿಪೋದ ಸಿದ್ರಾಮಪ್ಪ,
ಮಳಖೇಡದ ಆಚಿ ಆರು ಎಕರೆ.
ಓಣಿಗೆ ಓಣಿನೇ ಕರದಾರ, ಟೆಂಪೋ ಹೇಳ್ಯಾರ.
ಬುಟ್ಟಿ, ಅಂಬಲಿ ಗಡಗಿ, ಚಾಪಿ ಎಲ್ಲಾ ಏರಿದ ಮ್ಯಾಲ
ಸಂಪದಾ ಮೆಟ್ಟಲ ಇಳಕೋತ ಬಂದ್ಳು, ಡಬ್ಬಿ ಅಪ್ಪಿಕೊಂಡು.
ತೊಗರಿ ಹಿಂದ ಮಾರಿ ಕಾಣಲಿಲ್ಲ.
"ಇದೂ ಹೊಲಾನೇ. ಇದಕ್ಕೂ ಚರಗ ಬೇಕು."

ನಾ ಬ್ಯಾಡಂದೆ. ಇವರು ನಕ್ಕರು.
"ಗಿಡಕ್ಕ ಅರ್ಧಾ ಟಿಕೀಟು" ಅಂದ ಡ್ರೈವರ್ ಯೂಸುಫ್.
ಮನಿ ಒಡತಿ ಮಹಬೂಬಬೀ ಸರದು ಜಾಗ ಕೊಟ್ಳು,
ಅಕಿ ತಲಿ ಮ್ಯಾಲಿನ ಸೆರಗಿಗೆ ಎರಡು ಹಳದಿ ಹೂ ಸಿಕ್ಕೊಂಡ್ವು,
ಮಳಖೇಡ ದಾಟೋತನಾ ಯಾರೂ ಹೇಳಲಿಲ್ಲ.

ಸಿದ್ರಾಮಪ್ಪನ ತೊಗರಿ ಹೆಗಲಮಟ.
ಅದರ ಅಂಚಿಗೆ ನಮ್ಮ ಡಬ್ಬಿ,
ಮದವಿಗೆ ಬಂದ ಬಡ ನೆಂಟರ ಹಾಂಗ, ಸ್ವಲ್ಪ ಬದಿಗೆ.
ಬನ್ನಿ ಗಿಡದ ಬುಡಕ ಐದು ಕಲ್ಲು, ಸುಣ್ಣ, ಕುಂಕುಮ.
ಆಮ್ಯಾಲ ಭಜ್ಜಿ.
ಕಂಡ ಕಾಳು, ಕಂಡ ಪಲ್ಯ, ಹುಣಸಿ ಹುಳಿ, ಕಡ್ಲಿ ಹಿಟ್ಟು
ಎಲ್ಲಾ ಕೂಡಿ ಕುದ್ದು, ಯಾವುದು ಯಾರದಂತ ಗೊತ್ತಾಗದಂಗ.
ನಮ್ಮ ಪುಂಡಿನೂ ಅದರಾಗ ಎಲ್ಲೋ ಇತ್ತು.
ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗಿ,
ಗಂಟಲಿಗಿಳಿದ ತಂಪು ಅಂಬಲಿ.

ಸಿದ್ರಾಮಪ್ಪ ಚರಗ ಚೆಲ್ಲಿ ಬಂದ,
ಉಳಿದ ಬುಟ್ಟಿ ಅತ್ತಿ ಮುಂದಿಟ್ಟ.
ಅಕಿ ಎದ್ದಳು. ಮೊಣಕಾಲು ಹಿಡಕೊಂಡು ಎದ್ದಳು.
ಡಬ್ಬಿ ಸುತ್ತ ಒಂದೊಂದು ತುತ್ತು ಇಡಕೋತ,
ತುಕ್ಕು ಹಿಡದ ಅಂಚು ಬೆರಳಿಲೆ ಮುಟ್ಟಿಕೋತ ಅಂದಳು:
"ಇದು ಬೇವಿನ ಬದು.
ಇದು ಬಾವಿ ಕಡಿದು.
ಇಲ್ಲಿ ಹಾದಿ. ಇಲ್ಲಿ ಅಣ್ಣ ಎತ್ತು ಕಟ್ಟತಿದ್ದ."
ಎಲ್ಲಿ ಹೊಲ, ಯಾವಾಗಿನದು, ನಾ ಕೇಳಲಿಲ್ಲ.
ಹದಿನಾಲ್ಕು ವರ್ಷ ಒಂದೇ ಒಲಿ ಮುಂದ ಕುಂತೀವಿ,
ಅಕಿಗೊಬ್ಬ ಅಣ್ಣ ಇದ್ದ ಅನ್ನೋದು
ನನಗ ಆವತ್ತೇ ಗೊತ್ತಾತು.
"ಹುಲ್ಲುಲ್ಲಿಗೋ" ಅಂದಳು, ದನಿ ಸಣ್ಣದು.
ಇಡೀ ಓಣಿ ಓಗೊಟ್ಟಿತು.

ಬರುವಾಗ ಟೆಂಪೋ ಕುಲುಕಿ ಹೂ ಬಾಳ ಉದುರಿದ್ವು.
ಕೊನಿಗೆ ನಲವತ್ತೊಂದು ಕಾಳು.
ಸಂಪದಾ ಎರಡು ಸಲ ಎಣಿಸಿದಳು.
ಒಂದು ಬೀಜಕ್ಕಂತ ಅತ್ತಿ ಸೆರಗಿನ್ಯಾಗ ಕಟ್ಟಿಕೊಂಡಳು,
ಹತ್ತು ಕಾಗದದಾಗ ಸುತ್ತಿ ಡಿಪೋಕ್ಕ ಕಳಿಸಿದಳು:
"ನಮ್ಮ ಹೊಲದ್ದು ಅಂತ ಹೇಳು."

ಸಿದ್ರಾಮಪ್ಪ ನಗಲಿಲ್ಲಂತ.
ಅಂಗೈ ಮ್ಯಾಲ ಹೊಳ್ಳಿಸಿ ನೋಡಿ,
"ಕಾಳು ಚಲೋ ಕಟ್ಯಾವ," ಅಂದನಂತ,
"ಅವ್ವಗ ಹೇಳ್ರಿ, ರೇಟು ಏರಲತ್ತದ,
ಒಮ್ಮಿಗೇ ಎಲ್ಲಾ ಮಾರಬ್ಯಾಡ್ರಿ."